ಪದಚರ್ಚೆ: ಮೂಳೆ, ಗರಿ, ಪೊರೆ ಆಯುತ್ತಾ ತಿರುಗೋದಕ್ಕೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ನೇರವಾಗಿ ಕೇಳಿಬಿಡುತ್ತೇನೆ. ಬೆಟ್ಟ, ಕೆರೆಯಂಗಳ, ಹುಲ್ಲುಗಾವಲು ಅಂತ ಸುತ್ತುವಾಗ ನೆಲದ ಮೇಲೆ ಬಿದ್ದಿರುವ ಪ್ರಾಣಿಗಳ ಮೂಳೆ, ಹಕ್ಕಿ ಗರಿ, ಹಾವಿನ ಪೊರೆ, ಗುಲಗಂಜಿ, ಬೆಣಚುಕಲ್ಲು, ಕಾಗೆ ಬಂಗಾರ ಇಂಥವನ್ನು ಹುಡುಕಿ ನೋಡುವ, ಕೆಲವನ್ನು ಆಯ್ದುಕೊಳ್ಳುವ ಹವ್ಯಾಸಕ್ಕೆ ಕನ್ನಡದಲ್ಲಿ ಒಂದು ಪದ ಇದೆಯಾ? ಮಧುಗಿರಿ ಸುತ್ತಮುತ್ತ ನಾವು ಕೆಲವರು ಮಕ್ಕಳನ್ನು ಕರೆದುಕೊಂಡು ಹೀಗೆ ತಿರುಗುತ್ತೇವೆ. ಅವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯೋಣ ಅಂತ ಕೂತರೆ ತಲೆಬರಹದಲ್ಲೇ ಗಾಡಿ ನಿಂತಿದೆ.

"ಮೂಳೆ ಆಯೋದು" ಅಂತ ಬರೆಯೋಣ ಅಂದ್ರೆ ಮನೆಯಲ್ಲಿ ಹಿರಿಯರು ಬಿಡುವುದಿಲ್ಲ. ಸತ್ತವರನ್ನು ಹೂಳದೆ ಸುಡುವ ಮನೆತನಗಳಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಸುಟ್ಟ ಮೇಲೆ ಸುಡುಗಾಡಿಗೆ ಮತ್ತೆ ಹೋಗಿ, ಬೂದಿಯೊಳಗಿಂದ ಮೂಳೆ ಆರಿಸಿ ಕುಡಿಕೆಗೆ ತುಂಬೋದು, ಪುರೋಹಿತರು ಅಸ್ಥಿಸಂಚಯನ ಅನ್ನುತ್ತಾರಲ್ಲ ಅದು. ಭಾನುವಾರ ಬೆಳಗ್ಗೆ ಮಗು ಚೀಲ ಹಿಡಿದು "ಅಜ್ಜಿ, ಮೂಳೆ ಆಯೋಕೆ ಹೋಗ್ತೀನಿ" ಅಂದರೆ ಅಜ್ಜಿ ಏನು ಮಾಡಬೇಕು ಹೇಳಿ. ಅಸ್ಥಿ ಅಂತ ಬದಲಾಯಿಸಿದರೆ ಇನ್ನೂ ಕೆಟ್ಟಿತು. ಅಸ್ಥಿಪಂಜರ ಯಾವ ಪ್ರಾಣಿಯದಾದರೂ ಆಗಬಹುದು, ಬರೀ ಅಸ್ಥಿ ಅಂದರೆ ಸತ್ತ ಮನುಷ್ಯನದೇ.

"ಮೂಳೆ ಬೇಟೆ" ಅಂತ ಒಬ್ಬರು ಸೂಚಿಸಿದರು. ನನಗೆ ಹಿಡಿಸಲಿಲ್ಲ. ಬೇಟೆ ಅಂದರೆ ಕೊಲ್ಲಬೇಕು, ಇಲ್ಲಿ ಎಲ್ಲವೂ ಆಗಲೇ ಸತ್ತು ಒಣಗಿದೆ. ಇನ್ನು "ಪ್ರಕೃತಿಯ ನಿಧಿ ಹುಡುಕಾಟ". ಬೇರೆ ಊರಲ್ಲಿ ನಡೆಯಬಹುದೇನೋ. ನಮ್ಮ ಕಡೆ ಹಳೇ ಕೋಟೆ, ಪಾಳು ಗುಡಿ ಜಾಸ್ತಿ, ನಿಧಿ ಅಂದ ಕೂಡಲೇ ಜನಕ್ಕೆ ನೆನಪಾಗುವುದು ರಾತ್ರಿ ಹೊತ್ತು ಗುಡಿಯೊಳಗೆ ನುಗ್ಗಿ ವಿಗ್ರಹ ಕಿತ್ತು ಅಗೆಯುವ ಕಳ್ಳರು. ಕೈಯಲ್ಲಿ ಸಣ್ಣ ಗುದ್ದಲಿ ಬೇರೆ ಇದ್ದರೆ ಮುಗೀತು.

ನನ್ನ ಮನಸ್ಸಿನಲ್ಲಿರುವ ಪದ ಹಕ್ಕಲು. ಕೊಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆ, ಕಾಳು ಆಯುವುದಕ್ಕೆ ಹಕ್ಕಲು ಆಯೋದು ಅನ್ನುತ್ತಾರೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಕಾಯಿ ಆಯೋದೂ ಹಕ್ಕಲೇ. ಇದರಲ್ಲಿ ನನಗೆ ಬೇಕಾದ್ದೆಲ್ಲ ಇದೆ: ನೆಲ ನೋಡುತ್ತಾ ನಿಧಾನ ನಡೆಯೋದು, ಯಾರಿಗೂ ಬೇಡವಾಗಿ ಬಿದ್ದದ್ದನ್ನು ಎತ್ತಿಕೊಳ್ಳೋದು, ಗಿಡದಿಂದ ಕೀಳದೇ ಇರೋದು. ಹಾಗಾಗಿ "ಕಾಡ ಹಕ್ಕಲು" ಅಥವಾ "ಬೆಟ್ಟದ ಹಕ್ಕಲು" ಅಂದರೆ ಹೇಗೆ? ಒಂದೇ ತೊಡಕು, ಕರಾವಳಿ ಕಡೆ ಗೇರುಮರ ಬೆಳೆದ ಜಾಗಕ್ಕೇ ಗೇರು ಹಕ್ಕಲು ಅನ್ನುವ ಹೆಸರಿದೆ ಅಲ್ವಾ? ಅಲ್ಲಿಯವರಿಗೆ ಗೊಂದಲ ಆಗುತ್ತದಾ? ಕಾಳು ಬಿಟ್ಟು ಬೇರೆ ಯಾವುದನ್ನಾದರೂ ಆಯುವುದಕ್ಕೆ ಹಕ್ಕಲು ಅಂದದ್ದನ್ನು ಯಾರಾದರೂ ಕೇಳಿದ್ದೀರಾ? ನನ್ನ ಮುಖ್ಯ ಪ್ರಶ್ನೆ ಇದೇ.

ಮೂಳೆಯೋ ಎಲುಬೋ ಅನ್ನುವ ಜಗಳ ಬೇಡ, ಎರಡೂ ಇರಲಿ. ತಮಿಳಿನಲ್ಲಿ ಮೂಳೈ ಅಂದರೆ ಮೆದುಳು, ತೆಲುಗಿನಲ್ಲಿ ಮೂಲುಗ ಅಂದರೆ ಮೂಳೆಯೊಳಗಿನ ಮಜ್ಜೆ, ನಮಗೆ ಮಾತ್ರ ಹೊರಗಿನ ಗಟ್ಟಿ ಭಾಗ. ಎಲುಬಿಗೆ ತಮಿಳಿನ ಎಲುಂಬು ಜೊತೆಗಿದೆ, ತೆಲುಗರು ಎಮುಕ ಅನ್ನುತ್ತಾರೆ. ಮುಳಬಾಗಿಲು, ಬಂಗಾರಪೇಟೆ ಕಡೆ ಒಂದೇ ಬೀದಿಯಲ್ಲಿ ಈ ಮೂರೂ ಭಾಷೆ ಕೇಳಿಸುತ್ತವೆ, ಅಲ್ಲಿ ಮೂಳೆ ಮುರಿದು ಆಸ್ಪತ್ರೆಗೆ ಹೋದವನ ಕಥೆ ತಮಿಳರ ಕಿವಿಗೆ ಏನಾಗಿ ಬಿದ್ದಿರಬಹುದು ಅಂತ ಸುಮ್ನೆ ಯೋಚಿಸಿ.

ಕೈಪಿಡಿಗೆ ಪದ ಹುಡುಕುವಾಗ ಖುಷಿ ಕೊಟ್ಟದ್ದು ಹಲ್ಲಿನ ಭಾಗ. ನಮಗೆ ಜಾಸ್ತಿ ಸಿಗುವುದು ಕುರಿ ಮೇಕೆಗಳ ದವಡೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರದಿದ್ದರೆ ಅದು ಕುರಿ, ಮೇಕೆ, ಹಸು, ಎಮ್ಮೆ, ಜಿಂಕೆಯಂಥ ಮೆಲುಕು ಹಾಕುವ ಪ್ರಾಣಿಯದು. ಉದ್ದನೆಯ ಕೋರೆಹಲ್ಲು ಇದ್ದರೆ ನಾಯಿ, ನರಿಯಂಥದ್ದು ಇರಬಹುದು. ವಯಸ್ಸು ಹೇಳುವುದಕ್ಕೆ ಇಂಗ್ಲಿಷ್ ಪುಸ್ತಕ ತೆರೆಯಬೇಕಾಗಿಲ್ಲ, ಕುರಿ ಸಂತೆಯಲ್ಲಿ, ಸಿದ್ಧಗಂಗೆ ದನದ ಜಾತ್ರೆಯಲ್ಲಿ ವ್ಯಾಪಾರ ಮಾಡುವವರ ಬಾಯಲ್ಲೇ ಎಲ್ಲ ಇದೆ. ಮೊದಲು ಹಾಲುಹಲ್ಲು, ಅವು ಬಿದ್ದು ಬರುವ ದೊಡ್ಡ ಹಲ್ಲಿನ ಲೆಕ್ಕದಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಕೆಳದವಡೆಯ ಮುಂದಿನ ಎಂಟೂ ಬಂದರೆ ಬಾಯಿಗೂಡಿದೆ. ಎರಡು ಹಲ್ಲಿನ ಕುರಿ ಅಂದರೆ ಒಂದು, ಒಂದೂವರೆ ವರ್ಷದ್ದು, ಬಾಯಿಗೂಡುವ ಹೊತ್ತಿಗೆ ಸುಮಾರು ನಾಲ್ಕು. ಮಕ್ಕಳು ಈಗ ಯಾವ ದವಡೆ ಕಂಡರೂ "ಇದು ಬಾಯಿಗೂಡಿದೆ" ಅಂತ ದೊಡ್ಡ ವ್ಯಾಪಾರಿಗಳ ಹಾಗೆ ಹೇಳುತ್ತಾರೆ.

ಕೊಂಬಿನ ವಿಷಯ ಅಷ್ಟು ಸಲೀಸಲ್ಲ. ಜಿಂಕೆ, ಕಡವೆಗಳ ಕವಲೊಡೆದ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ, ಅದು ಇಡೀ ಮೂಳೆ. ಹಸು, ಮೇಕೆ, ಕೃಷ್ಣಮೃಗದ ಕೊಂಬು ಉದುರುವುದಿಲ್ಲ, ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಂಥ ವಸ್ತುವಿನ ಹೊದಿಕೆ. ಎರಡಕ್ಕೂ ನಾವು ಕೊಂಬು ಅಂತಲೇ ಹೇಳುತ್ತೇವೆ, ಇಲ್ಲವಾದರೆ ಕೋಡು. ಉದುರುವುದಕ್ಕೆ ಕವಲುಗೊಂಬು, ಉದುರದೇ ಇರುವುದಕ್ಕೆ ಕೋಡು ಅಂತ ಹಂಚಿಬಿಟ್ಟರೆ ತಪ್ಪಾಗುತ್ತದಾ? ಕೊಂಬು, ಕೊಂಬೆ ಹತ್ತಿರದ ಪದಗಳಾದ್ದರಿಂದ ಕವಲೊಡೆಯುವುದಕ್ಕೆ ಕೊಂಬು ಹೊಂದುತ್ತದೆ ಅಂತ ನನ್ನ ವಾದ. ಮೇಕೆ ಸತ್ತು ಒಣಗಿದ ಮೇಲೆ ಆ ಹೊದಿಕೆ ಟೊಪ್ಪಿ ತೆಗೆದ ಹಾಗೆ ಕಳಚಿ ಬರುತ್ತದೆ, ಅದಕ್ಕೂ ಒಂದು ಹೆಸರು ಬೇಕು. ಕುರಿ ಮೇಯಿಸುವವರನ್ನು ಕೇಳಿದರೆ "ಕೊಂಬಿನ ಚಿಪ್ಪು" ಅಂದರು. ಸಾಕು ಅನ್ನಿಸುತ್ತದೆ.

ಇಲ್ಲೊಂದು ಮಾತು, ಪದಕ್ಕೆ ಸಂಬಂಧ ಇಲ್ಲದಿದ್ದರೂ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶದ ಕಡೆ ಹೋಗುವವರು ಕೋಡು ಕಂಡರೂ ಫೋಟೋ ತೆಗೆದು ಅಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಕೋಡು, ಹಲ್ಲು, ಉಗುರು ತಾನಾಗಿ ಬಿದ್ದದ್ದೇ ಆದರೂ ಮನೆಗೆ ತರುವಂತಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕಗಳ ಗಲಾಟೆ ನೆನಪಿದೆಯಲ್ಲ. ನಮ್ಮ ಮಕ್ಕಳ ಚೀಲಕ್ಕೆ ಹೋಗುವುದು ಸಾಕುಪ್ರಾಣಿಯ ಮೂಳೆ, ಬೀಜ, ಕಲ್ಲು ಇಷ್ಟೇ.

ಕಡೆಯದಾಗಿ ಗೂಬೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತದೆ. ಪಾಳು ಮಂಟಪಗಳ ಕೆಳಗೆ ಬೇಕಾದಷ್ಟು ಸಿಗುತ್ತವೆ. ನೀರಲ್ಲಿ ನೆನೆಸಿ ಬಿಡಿಸಿದರೆ ಇಲಿಯ ಬುರುಡೆ, ಪಕ್ಕೆಲುಬು ಎಲ್ಲ ಒಳಗೆ ಹಾಗೇ ಇರುತ್ತವೆ. ಮಕ್ಕಳು ಇದನ್ನು "ಗೂಬೆ ಹಿಕ್ಕೆ" ಅನ್ನುತ್ತಾರೆ. ಹಿಕ್ಕೆ ಬರುವುದು ಇನ್ನೊಂದು ಕಡೆಯಿಂದ, ಆದ್ದರಿಂದ ಅದು ಆಗದು. "ಕಕ್ಕುಂಡೆ" ಅಂತ ನಾನು ಕಟ್ಟಿದ್ದೇನೆ, ಕಕ್ಕಿದ ಉಂಡೆ. ಕೇಳಲು ಸ್ವಲ್ಪ ಅಸಹ್ಯ ಅಂತ ಮನೆಯಲ್ಲಿ ಹೇಳಿದರು, ವಸ್ತುವೂ ಹಾಗೇ ಇದೆಯಲ್ಲ ಅಂದೆ. ಇದಕ್ಕಿಂತ ಒಳ್ಳೆಯದು, ಅದರಲ್ಲೂ ರೈತರ ಬಾಯಲ್ಲಿ ಆಗಲೇ ಇರುವ ಪದ ಗೊತ್ತಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ.