ಸಾರಿಗೆ ಮುಷ್ಕರ: ಟ್ರೈನಿ ನೌಕರರಿಗೆ, ಡ್ಯೂಟಿಗೆ ಬರೋರಿಗೆ, ಸಾಲಕ್ಕೆ ಜಾಮೀನು ಹಾಕಿದೋರಿಗೆ ಏನಾಗುತ್ತೆ?

ರೂಟ್_ಬೋರ್ಡ್:
ಸರ್ಕಾರಿ ಬಸ್ ನಿಗಮಗಳಲ್ಲಿ ಮುಷ್ಕರದ ಮಾತು ಎದ್ದಾಗಲೆಲ್ಲ ಡಿಪೋದಲ್ಲಿ ಇದೇ ಗೊಂದಲ. 2021ರ ಏಪ್ರಿಲ್ 7ರಿಂದ 21ರವರೆಗೆ ನಡೆದದ್ದರಲ್ಲಿ ಟ್ರೈನಿಗಳು ಕೆಲಸ ಕಳೆದುಕೊಂಡರು, ಎಷ್ಟೋ ಜನ ವರ್ಗವಾದರು. 2025ರ ಆಗಸ್ಟ್ 5ರದ್ದು ಹೈಕೋರ್ಟ್ ತಡೆಯಿಂದ ಒಂದೇ ದಿನಕ್ಕೆ ನಿಂತಿತು. ಕರೆ ಕೊಟ್ಟ ಮೇಲೆ ಡ್ಯೂಟಿಗೆ ಬರೋರ, ಬರದೇ ಇರೋರ ಸಂಬಳ, ಸರ್ವಿಸ್ ಏನಾಗುತ್ತೆ? ತಿಳಿದವರು ಬಿಡಿಸಿ ಹೇಳಿ.

ಕಾನೂನು_ಕಟ್ಟೆ:
ಮೊದಲು ನೋಟಿಸ್ ನೋಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಾರ್ವಜನಿಕ ಸೇವೆಗೆ ಮುಷ್ಕರಕ್ಕೆ ಮುಂಚಿನ ಆರು ವಾರದೊಳಗೆ ಕೊಟ್ಟ ನೋಟಿಸ್ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಅದು 60 ದಿನದೊಳಗೆ. ನೋಟಿಸ್ ಕೊಟ್ಟು 14 ದಿನ ಕಳೆಯದೆ ಮುಷ್ಕರ ಕೂರುವಂತಿಲ್ಲ, ಇದು ಎರಡರಲ್ಲೂ ಇದೆ.

ಬಹಳ ಜನ ಎಡವುವುದು ಇಲ್ಲಿ: 14 ದಿನ ಆಯ್ತು, ಇನ್ನೇನು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ್ದರೆ ಸಂಧಾನ ಶುರುವಾಯಿತು ಅಂತಲೇ ಲೆಕ್ಕ. ಅದು ಮುಗಿದು 7 ದಿನ ಆಗುವವರೆಗೆ ಮುಷ್ಕರ ಕಾನೂನುಬಾಹಿರ. ಆದರೆ ಇದೇ ಸಂಧಾನ ನೌಕರನಿಗೂ ಗುರಾಣಿ. ವಿವಾದಕ್ಕೆ ಸಂಬಂಧಿಸಿದ ದುರ್ನಡತೆ ಅಂತ ಹೇಳಿ ವಜಾ ಮಾಡಬೇಕಾದರೆ ಆ ಅವಧಿಯಲ್ಲಿ ನಿಗಮ ಮೊದಲೇ ಲಿಖಿತ ಅನುಮತಿ ಪಡೆಯಬೇಕು.

ಟ್ರೈನಿಗಳ ಕಥೆ ಬೇರೆ. "ತರಬೇತಿ ತೃಪ್ತಿಕರವಾಗಿಲ್ಲ" ಅಂತ ಎರಡು ಸಾಲು ಬರೆದು ಕಳಿಸಿಬಿಡುವುದು ಸುಲಭ. ಅದೇ ಆದೇಶದಲ್ಲಿ ಮುಷ್ಕರವನ್ನು ದುರ್ನಡತೆ ಎಂದು ಬರೆದಿದ್ದರೆ ವಿಚಾರಣೆ ಯಾಕೆ ಮಾಡಲಿಲ್ಲ ಅಂತ ಪ್ರಶ್ನಿಸಬಹುದು. ಹಾಗಾಗಿ ಆದೇಶದ ಪ್ರತಿ ಕೈಗೆ ಸಿಗದೆ ಯಾವ ಮುಚ್ಚಳಿಕೆಗೂ ಸಹಿ ಹಾಕಬೇಡಿ.

ಪೇಬಿಲ್:
ದುಡ್ಡಿನ ವಿಷಯ ಹೇಳ್ತೀನಿ. ಬರದ ದಿನಕ್ಕೆ ಸಂಬಳ ಇಲ್ಲ, ಅದು ಎಲ್ಲರಿಗೂ ಗೊತ್ತು. ಹತ್ತು ಜನ ಅಥವಾ ಹೆಚ್ಚು ಮಂದಿ ಒಟ್ಟಾಗಿ, ನೋಟಿಸ್ ಇಲ್ಲದೆ, ಸರಿಯಾದ ಕಾರಣವೂ ಇಲ್ಲದೆ ಗೈರಾದರೆ ಅದರ ಮೇಲೆ 8 ದಿನದವರೆಗಿನ ವೇತನ ಹಿಡಿಯಲು ಅವಕಾಶ ಇದೆ. ನೇಮಕದ ಷರತ್ತಿನಲ್ಲಿ ಅಂಥ ನೋಟಿಸಿನ ಅಂಶ ಇದ್ದರೆ ಮಾತ್ರ, ಅದನ್ನು ಓದಿಕೊಳ್ಳಿ.

ನಿಜವಾದ ಪೆಟ್ಟು ಮರುತಿಂಗಳು. ಸಂಬಳ ಅರ್ಧಕ್ಕಿಳಿದರೆ ಸಂಬಳದಲ್ಲೇ ಮುರಿಯುವ ಎಲ್‌ಐಸಿ ಕಂತು ಹೋಗದೆ ಉಳಿಯಬಹುದು. ಸ್ಲಿಪ್ ನೋಡಿ, ಮುರಿದಿಲ್ಲ ಅಂದರೆ ಗ್ರೇಸ್ ಅವಧಿಯೊಳಗೆ ಶಾಖೆಯಲ್ಲಿ ನೀವೇ ಕಟ್ಟಿ. ನೌಕರರ ಸಹಕಾರ ಸೊಸೈಟಿಯ ಸಾಲದ ಕಂತು ತಪ್ಪಿದರೆ ನೋಟಿಸ್ ಜಾಮೀನು ಹಾಕಿದ ಸಹೋದ್ಯೋಗಿಗೂ ಹೋಗುತ್ತೆ, ಆತ ಅಷ್ಟೂ ದಿನ ಡ್ಯೂಟಿ ಮಾಡಿದ್ದರೂ ಸರಿ. ಸಂಘದ ಸಭೆಗಳಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಕಂತು ಮುಂದೂಡಲು ಸೊಸೈಟಿಗೆ ಮೊದಲೇ ಅರ್ಜಿ ಕೊಡಿಸುವುದು ಸಂಘದ ಕೆಲಸ. ಪಿಎಫ್ ಲೆಕ್ಕದಲ್ಲಿ ಗೈರಾದ ದಿನಗಳು ಎನ್‌ಸಿಪಿ (ವಂತಿಗೆ ಇಲ್ಲದ ದಿನ) ಅಂತ ಬೀಳುತ್ತವೆ, ಪಿಂಚಣಿಯ ಸೇವೆ ಎಣಿಸುವಾಗ ಅಷ್ಟು ಕಡಿಮೆ.

ರೂಟ್_ಬೋರ್ಡ್:
ಎಲ್ಲರೂ ಒಂದೇ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೆ? ಡ್ಯೂಟಿಗೆ ಬಂದವನಿಗೆ ಬಸ್ಸೇ ಕೊಡದಿದ್ದರೆ?

ಕಾನೂನು_ಕಟ್ಟೆ:
ಹೊಸ ಸಂಹಿತೆ ಆ ಬಾಗಿಲು ಮುಚ್ಚಿದೆ. ಶೇ. 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಿಎಲ್ ಹಾಕಿದರೆ ಅದೂ ಮುಷ್ಕರವೇ. ಬಸ್ ಸಿಗದಿದ್ದರೆ ಸುಮ್ಮನೆ ಮನೆಗೆ ಹೋಗಬೇಡಿ. ಹಾಜರಾದ ಸಮಯ, ಶೆಡ್ಯೂಲ್ ನಂಬರ್ ಬರೆದು ಡಿಪೋ ಮ್ಯಾನೇಜರ್‌ಗೆ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗೇಟಿನೊಳಗೇ ಬಿಡದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ. ತಿಂಗಳ ಕೊನೆಗೆ ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಗೈರು ಅಂತ ಕಂಡರೆ ಕೈಯಲ್ಲಿರುವ ದಾಖಲೆ ಅದೊಂದೇ.

ಪಿಟ್_ನಂ_ಎರಡು:
ಮೆಕ್ಯಾನಿಕ್‌ಗಳನ್ನು ಎಲ್ಲರೂ ಮರೆತಿರಿ. ಹದಿನೈದು ದಿನ ನಿಂತ ಗಾಡಿಗಳು ಒಂದೇ ಬೆಳಗ್ಗೆ ಹೊರಡಬೇಕು ಅಂದರೆ ಇಡೀ ಹೊರೆ ರಾತ್ರಿ ಪಾಳಿಯ ಮೇಲೆ. ನಿಲ್ಲಿಸುವಾಗ ಬ್ಯಾಟರಿ ಕಟ್-ಆಫ್ ಸ್ವಿಚ್ ಆಫ್ ಮಾಡಿ, ಏರ್ ಟ್ಯಾಂಕಿನ ಡ್ರೇನ್ ವಾಲ್ವ್ ಎಳೆದು ನೀರು ತೆಗೆದಿಟ್ಟರೆ ಅರ್ಧ ಕೆಲಸ ಉಳಿಯುತ್ತೆ. ಹೊರಡಿಸುವಾಗ ಟೈರ್ ಗಾಳಿ, ಕೂಲೆಂಟ್, ಇಲಿ ಕಡಿದ ವೈರಿಂಗ್ ನೋಡಿ. ಟ್ಯಾಂಕಿನಲ್ಲಿ ಗಾಳಿ ತುಂಬುವ ತನಕ ಸ್ಪ್ರಿಂಗ್ ಬ್ರೇಕ್ (ನಿಂತ ಗಾಡಿ ಹಿಡಿದಿಡುವ ಬ್ರೇಕ್) ಬಿಡುವುದಿಲ್ಲ, ಅವಸರದಲ್ಲಿ ಗೇರ್ ಹಾಕಿ ಎಳೆದರೆ ಸುಡುವುದು ಕ್ಲಚ್. ತುಂಬಿದ ಮೇಲೂ ಬ್ರೇಕ್ ಡ್ರಮ್‌ಗೆ ಲೈನಿಂಗ್ ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಯಾರ್ಡಿನೊಳಗೇ ಮುಂದೆ ಹಿಂದೆ ಆಡಿಸಿ, ನಾಲ್ಕು ಸಲ ಬ್ರೇಕ್ ಹಿಡಿದು ನೋಡದೆ ಗೇಟ್ ದಾಟಿಸಬೇಡಿ.