ಲೈಬ್ರರಿ ಕೋಡ್ ಪ್ರಾಜೆಕ್ಟ್ ಒಳಗೇ ಸೇರಿಸಿದ ಮೇಲೆ ಪಕ್ಕದ ವೇರಿಯಬಲ್ ಸೊನ್ನೆ ಆಗ್ತಿದೆ

ಪ್ರಶ್ನೆ:
ನಮಸ್ಕಾರ. ಲಾಗ್ ಬರೆಯುವ ಚಿಕ್ಕ ಸಿ ಲೈಬ್ರರಿಯೊಂದರ ಸೋರ್ಸ್ ಅನ್ನು ನನ್ನ ಫೋಲ್ಡರ್‌ನಲ್ಲೇ ಇಟ್ಟುಕೊಂಡಿದ್ದೇನೆ. ಕಂಪೈಲ್ ಆಗುತ್ತೆ, ಲಿಂಕ್ ಆಗುತ್ತೆ, ಒಂದು ವಾರ್ನಿಂಗೂ ಇಲ್ಲ. ಆದರೆ ಅದರ ಇನಿಟ್ ಫಂಕ್ಷನ್ ಕರೆದ ತಕ್ಷಣ ನನ್ನ ‘ಕೌಂಟ್’ ವೇರಿಯಬಲ್ ಸೊನ್ನೆ ಆಗುತ್ತೆ. ಆಪ್ಟಿಮೈಸೇಶನ್ ಬದಲಿಸಿದರೆ ಕೆಲವು ಸಲ ಸರಿ ಇರುತ್ತೆ. ಎರಡು ದಿನದಿಂದ ತಲೆ ಕೆಟ್ಟಿದೆ. ಲೈಬ್ರರಿಯ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಸೂಚನೆಗಳ ಫೈಲ್) ‘ಲಾಗ್_ಥ್ರೆಡ್ಸ್’ ಮ್ಯಾಕ್ರೋ (ಕಂಪೈಲ್ ಸಮಯದ ಸ್ವಿಚ್) ಆನ್ ಇದೆ, ನನ್ನದರಲ್ಲಿ ಇಲ್ಲ.

ಉತ್ತರ:
ನಿಮ್ಮ ಕೊನೆಯ ಸಾಲಲ್ಲೇ ಸುಳಿವಿದೆ. ಲೈಬ್ರರಿಯ ಹೆಡರ್ ತೆರೆದು, ನೀವು ಇನಿಟ್‌ಗೆ ಕೊಡುವ ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಗುಂಪು) ನೋಡಿ. ಒಳಗೆ ‘#ಇಫ್‌ಡೆಫ್ ಲಾಗ್_ಥ್ರೆಡ್ಸ್’, ಅಂದರೆ ಮ್ಯಾಕ್ರೋ ಆನ್ ಇದ್ದರೆ ಮಾತ್ರ ಸೇರುವ ಭಾಗ, ಇದೆಯಾ? ಆಮೇಲೆ ನಿಮ್ಮ ಫೈಲ್‌ನಲ್ಲೊಂದು, ಲೈಬ್ರರಿ ಫೈಲ್‌ನಲ್ಲೊಂದು ಪ್ರಿಂಟ್‌ಎಫ್ ಹಾಕಿ ಆ ಸ್ಟ್ರಕ್ಟ್‌ನ ಸೈಜ್‌ಆಫ್ (ಎಷ್ಟು ಬೈಟ್ ಅಂತ) ನೋಡಿ.

ಪ್ರಶ್ನೆ ಕೇಳಿದವರು:
ಇದೆ, ಅದರ ಕೆಳಗೊಂದು ಪಿಥ್ರೆಡ್ ಮ್ಯೂಟೆಕ್ಸ್ (ಥ್ರೆಡ್‌ಗಳ ನಡುವಿನ ಬೀಗ). ನನ್ನ ಕಡೆ 24, ಲೈಬ್ರರಿ ಕಡೆ 64!

ಉತ್ತರ:
ವ್ಯತ್ಯಾಸ 40 ಬೈಟ್. 64-ಬಿಟ್ ಎಕ್ಸ್86 ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಮ್ಯೂಟೆಕ್ಸ್ ಅಷ್ಟೇ ದೊಡ್ಡದು. ನೀವು 24 ಬೈಟ್ ಜಾಗ ಕೊಟ್ಟಿರಿ, ಇನಿಟ್ 64 ಬೈಟ್ ಅಂದುಕೊಂಡು ಮೆಮ್‌ಸೆಟ್ ಮಾಡಿ ಅಷ್ಟಕ್ಕೂ ಸೊನ್ನೆ ತುಂಬಿತು, ಪಕ್ಕದಲ್ಲಿದ್ದ ಕೌಂಟ್ ಅಳಿಸಿಹೋಯಿತು. ಸಿಯಲ್ಲಿ ಲಿಂಕರ್ ನೋಡುವುದು ಫಂಕ್ಷನ್ ಹೆಸರು ಮಾತ್ರ. ಸ್ಟ್ರಕ್ಟ್‌ನ ಅಳತೆ ಅದಕ್ಕೆ ಗೊತ್ತೇ ಆಗಲ್ಲ, ಅದಕ್ಕೇ ವಾರ್ನಿಂಗ್ ಬರಲಿಲ್ಲ.

ಎರಡೂ ಮೇಕ್‌ಫೈಲ್‌ನಲ್ಲಿ ಮ್ಯಾಕ್ರೋ ಬರೆದರೂ ನಡೆಯುತ್ತೆ. ಆದರೆ ನಾಳೆ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತೇ ಮರೆಯುತ್ತೀರಿ. ನಾನಾದರೆ ಒಂದು ಕಾನ್ಫಿಗ್ ಹೆಡರ್ ಮಾಡಿ, ಅದನ್ನು ಲೈಬ್ರರಿಯ ಹೆಡರ್‌ನ ಮೊದಲ ಸಾಲಲ್ಲೇ ಇನ್‌ಕ್ಲೂಡ್ ಮಾಡುತ್ತೇನೆ. ಆ ಒಂದು ಸಾಲಿನ ಬದಲಾವಣೆಯನ್ನು ಪ್ಯಾಚ್ ಫೈಲಾಗಿ ಪಕ್ಕದಲ್ಲೇ ಇಡಿ, ಹೊಸ ಆವೃತ್ತಿ ತಂದಾಗ ಬೇಕಾಗುತ್ತೆ. ಹಳೆಯ ಆಬ್ಜೆಕ್ಟ್ ಫೈಲುಗಳನ್ನು (ಮೊದಲೇ ಕಂಪೈಲ್ ಆದವು) ಅಳಿಸಲೇಬೇಕು. ಫ್ಲ್ಯಾಗ್ ಬದಲಾದರೆ ಮೇಕ್ ತಾನಾಗಿ ಮತ್ತೆ ಕಂಪೈಲ್ ಮಾಡಲ್ಲ.

ಪ್ರಶ್ನೆ ಕೇಳಿದವರು:
ಗ್ಲಿಬ್‌ಸಿಯ ಹೆಚ್ಚುವರಿ ಫಂಕ್ಷನ್‌ಗಳನ್ನು ತೋರಿಸುವ ‘_ಜಿಎನ್‌ಯು_ಸೋರ್ಸ್’ ಮ್ಯಾಕ್ರೋ ಕೂಡ ಆ ಕಾನ್ಫಿಗ್ ಹೆಡರ್‌ನಲ್ಲೇ ಹಾಕಬಹುದಾ? ನನಗೆ ಸ್ಟ್ರ್‌ಕೇಸ್‌ಸ್ಟ್ರ್ (ದೊಡ್ಡ-ಸಣ್ಣ ಅಕ್ಷರ ಭೇದವಿಲ್ಲದೆ ಪದ ಹುಡುಕುವ ಫಂಕ್ಷನ್) ಬೇಕು.

ಉತ್ತರ:
ಬೇಡ. ಅದು ಮೊದಲ ಸಿಸ್ಟಮ್ ಹೆಡರ್‌ಗಿಂತ ಮುಂಚೆಯೇ ಇರಬೇಕು. ಎಸ್‌ಟಿಡಿಐಒ ಹೆಡರ್ ಮೊದಲು ಬಂದರೆ ಯಾವುದು ಕಾಣಬೇಕು ಅನ್ನೋದು ಅಲ್ಲೇ ತೀರ್ಮಾನವಾಗುತ್ತೆ, ಆಮೇಲೆ ಡಿಫೈನ್ ಮಾಡಿ ಪ್ರಯೋಜನವಿಲ್ಲ. ಕಂಪೈಲರ್‌ಗೆ ‘-ಡಿ’ ಆಪ್ಷನ್ ಮೂಲಕವೇ ಕೊಡಿ. ಇಲ್ಲದಿದ್ದರೆ ಸ್ಟ್ರ್‌ಕೇಸ್‌ಸ್ಟ್ರ್‌ನ ಘೋಷಣೆ ಕಾಣದೆ, ಹಳೆಯ ಜಿಸಿಸಿ ಕಂಪೈಲರ್ ಬರೀ ವಾರ್ನಿಂಗ್ ಕೊಟ್ಟು, ಫಂಕ್ಷನ್ ಇಂಟ್ ಕೊಡುತ್ತೆ ಅಂದುಕೊಳ್ಳುತ್ತೆ. 64-ಬಿಟ್ ಪಾಯಿಂಟರ್‌ನ ಅರ್ಧ ಅಲ್ಲೇ ಕಳೆದುಹೋಗುತ್ತೆ. ಜಿಸಿಸಿ 14ರಿಂದ ಇದು ನೇರ ಎರರ್, ಒಳ್ಳೆಯದೇ ಆಯಿತು.

ಪ್ರಶ್ನೆ ಕೇಳಿದವರು:
ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡಿದೆ. ಎರಡೂ ಕಡೆ 64. ಕೌಂಟ್ ಹಾಗೇ ಉಳಿದಿದೆ. ತುಂಬಾ ಥ್ಯಾಂಕ್ಸ್!