ಸರ್ವರ್‌ನ ಸೆಕ್ಯುರಿಟಿ ಸೆಟ್ಟಿಂಗ್ ಡಿಫಾಲ್ಟ್‌ಗೆ ತರಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕ ಕಾರ್ಖಾನೆಯೊಂದರ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸರ್ವರ್ ಜವಾಬ್ದಾರಿಯೂ ನನ್ನದೇ. ವಿಂಡೋಸ್ ಸರ್ವರ್ 2016. ಆಡಿಟ್‌ಗೆ ಮುಂಚೆ ಹೊರಗಿನವರೊಬ್ಬರು ಬಂದು ಸೆಕ್ಯುರಿಟಿ ಬಿಗಿ ಮಾಡಿ ಹೋದರು. ಏನೇನು ಬದಲಾಯಿಸಿದರು ಅಂತ ಬರೆದಿಟ್ಟಿಲ್ಲ. ಅವತ್ತಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಯಾರಿಗೂ ಲಾಗಿನ್ ಆಗುತ್ತಿಲ್ಲ, ಅಡ್ಮಿನ್‌ಗೂ ಇಲ್ಲ. ರಾತ್ರಿಯ ಬ್ಯಾಕಪ್ ಸರ್ವಿಸ್ 1069 ಅಂತ ಎರರ್ ಕೊಟ್ಟು ನಿಲ್ಲುತ್ತಿದೆ. ಎಲ್ಲವನ್ನೂ ಡಿಫಾಲ್ಟ್‌ಗೆ ತರುವ ಕಮಾಂಡ್ ಇದೆಯಂತೆ, ಓಡಿಸಿಬಿಡಲಾ? ಮಾಲೀಕರು ಫಾರ್ಮ್ಯಾಟ್ ಮಾಡಿ ಅನ್ನುತ್ತಿದ್ದಾರೆ.

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ. ಕಮಾಂಡ್ ಇದೆ, ಹೆಸರು ಸೆಕ್‌ಎಡಿಟ್ (secedit). ವಿಂಡೋಸ್ ಫೋಲ್ಡರಿನ ಒಳಗಿರುವ ಐಎನ್‌ಎಫ್ ಫೋಲ್ಡರಿನಲ್ಲಿ ಡೆಫ್ಲ್ಟ್‌ಬೇಸ್ (defltbase.inf) ಅನ್ನುವ ಟೆಂಪ್ಲೇಟ್, ಅಂದರೆ ಡಿಫಾಲ್ಟ್ ಸೆಟ್ಟಿಂಗ್‌ಗಳ ಪಟ್ಟಿ, ಇರುತ್ತದೆ, ಅದನ್ನು ಓದಿ ಸೆಟ್ಟಿಂಗ್ ಹಾಕುತ್ತದೆ. ಆದರೆ ಡಿಫಾಲ್ಟ್ ಅಂದರೆ ಹೋದ ತಿಂಗಳು ಎಲ್ಲ ಸರಿಯಿದ್ದಾಗಿನ ಸ್ಥಿತಿ ಅಂತ ತಿಳಿಯಬೇಡಿ. ನಿಮ್ಮ ಬ್ಯಾಕಪ್ ಅಕೌಂಟಿಗೆ ಯಾರೋ ಆಮೇಲೆ ಕೊಟ್ಟ ಹಕ್ಕು ಆ ಟೆಂಪ್ಲೇಟಿಗೆ ಗೊತ್ತೇ ಇಲ್ಲ. 1069 ಅಂದರೆ ಸರ್ವಿಸ್‌ನ ಅಕೌಂಟಿಗೆ ಲಾಗಿನ್ ಆಗಲಿಲ್ಲ ಅಂತ. ಕಮಾಂಡ್ ಓಡಿಸಿದರೂ ಅದು ಅಲ್ಲೇ ಇರಬಹುದು.

ಮೊದಲು ಈಗಿರುವುದನ್ನು ಸೆಕ್‌ಎಡಿಟ್‌ನ ಎಕ್ಸ್‌ಪೋರ್ಟ್‌ನಿಂದ ಒಂದು ಫೈಲಿಗೆ ಉಳಿಸಿಕೊಳ್ಳಿ. ಆಮೇಲೆ ಲೋಕಲ್ ಸೆಕ್ಯುರಿಟಿ ಪಾಲಿಸಿ ತೆರೆದು ಯೂಸರ್ ರೈಟ್ಸ್ ಅಸೈನ್‌ಮೆಂಟ್ ನೋಡಿ, ಯಾರಿಗೆ ಯಾವ ಹಕ್ಕು ಅನ್ನುವ ಪಟ್ಟಿ ಅದು. ರಿಮೋಟ್ ಡೆಸ್ಕ್‌ಟಾಪ್‌ಗೆ ಅಲೋ ಅಂತ ಒಂದು ಸಾಲು, ಡಿನೈ ಅಂತ ಇನ್ನೊಂದು. ಎರಡರಲ್ಲೂ ಹೆಸರಿದ್ದರೆ ಡಿನೈ ಗೆಲ್ಲುತ್ತದೆ.

ಇದನ್ನೆಲ್ಲ ಸರ್ವರ್ ಮುಂದೆ ಕೂತೇ ಮಾಡಿ. ಹಿಂದೊಮ್ಮೆ ನಾನು ಹಿಂಜವಡಿಯಿಂದ ರಿಮೋಟ್‌ನಲ್ಲೇ ಮಾಡಲು ಹೋಗಿ, ನಡುವೆ ಬಾಗಿಲು ಮುಚ್ಚಿಕೊಂಡು, ರಾತ್ರಿ ಚಾಕಣಕ್ಕೆ ಓಡಬೇಕಾಯಿತು. ಗುರುವಾರ ನಿಮಗೆ ರಜೆ ಅಲ್ವಾ, ಆ ದಿನ ಅನುಕೂಲ. ಆದರೆ ಅವತ್ತೇ ಎಂಐಡಿಸಿಯಲ್ಲಿ ಕರೆಂಟ್ ತೆಗೆಯುವುದುಂಟು, ಮುಂಚೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ನೋಡಿದೆ ಸರ್. ಡಿನೈ ಸಾಲಿನಲ್ಲಿ ಡೊಮೇನ್ ಯೂಸರ್ಸ್ ಅಂತ ಇದೆ. ಆದರೆ ತೆಗೆಯುವ ಬಟನ್ ಮಂಕಾಗಿದೆ, ಒತ್ತಲು ಬರುತ್ತಿಲ್ಲ.

ಉತ್ತರ: ಹಾಗಾದರೆ ಗಂಟು ಇರುವುದು ಈ ಸರ್ವರ್‌ನಲ್ಲಿ ಅಲ್ಲ. ಬಟನ್ ಮಂಕಾಗಿದೆ ಅಂದರೆ ಆ ಸಾಲು ಡೊಮೇನ್‌ನ (ಒಂದೇ ಕಡೆಯಿಂದ ನೋಡಿಕೊಳ್ಳುವ ನಿಮ್ಮ ಕಂಪ್ಯೂಟರ್‌ಗಳ ಜಾಲದ) ಗ್ರೂಪ್ ಪಾಲಿಸಿಯಿಂದ, ಅಂದರೆ ಅಲ್ಲಿಂದ ಎಲ್ಲ ಕಂಪ್ಯೂಟರ್‌ಗೂ ಹೋಗುವ ಸೆಟ್ಟಿಂಗ್‌ಗಳಿಂದ, ಬರುತ್ತಿದೆ. ಇಲ್ಲಿ ಸೆಕ್‌ಎಡಿಟ್ ಓಡಿಸಿದ್ದರೆ ಸ್ವಲ್ಪ ಹೊತ್ತು ಸರಿಯಾದಂತೆ ಕಾಣುತ್ತಿತ್ತು, ಆಮೇಲೆ ಪಾಲಿಸಿ ಮತ್ತೆ ಬಂದು ಕೂರುತ್ತಿತ್ತು. ಪಾಲಿಸಿಯಲ್ಲಿ ಬದಲಾವಣೆ ಆಗಿದೆಯಾ ಅಂತ ಸರ್ವರ್ ಸುಮಾರು 90 ನಿಮಿಷಕ್ಕೊಮ್ಮೆ ನೋಡುತ್ತದೆ. ಏನೂ ಬದಲಾಗದಿದ್ದರೂ ಸೆಕ್ಯುರಿಟಿ ಸೆಟ್ಟಿಂಗ್‌ಗಳನ್ನು 16 ಗಂಟೆಗೊಮ್ಮೆ ಹೊಸದಾಗಿ ಹಾಕುತ್ತದೆ.

ಅಡ್ಮಿನ್‌ಗೂ ಯಾಕೆ ಲಾಗಿನ್ ಆಗಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಡೊಮೇನ್ ಅಡ್ಮಿನ್ ಕೂಡ ಡೊಮೇನ್ ಯೂಸರ್ಸ್ ಗುಂಪಿನಲ್ಲೇ ಇರುತ್ತಾನೆ.

ಜಿಪಿರಿಸಲ್ಟ್ (gpresult) ಕಮಾಂಡ್‌ನಿಂದ ಎಚ್‌ಟಿಎಂಎಲ್ ವರದಿ ತೆಗೆಯಿರಿ. ಯಾವ ಪಾಲಿಸಿ ಈ ಸಾಲು ಹಾಕಿದೆ ಅಂತ ಹೆಸರು ಸಮೇತ ಇರುತ್ತದೆ, ಡಿನೈ ಅನ್ನು ಆ ಪಾಲಿಸಿಯಲ್ಲೇ ತೆಗೆಯಿರಿ. ಅದೇ ಪಾಲಿಸಿಯಲ್ಲಿ 'ಲಾಗ್ ಆನ್ ಆಸ್ ಎ ಸರ್ವಿಸ್' ಸಾಲನ್ನೂ ನೋಡಿ, ಸರ್ವಿಸ್ ಓಡಿಸಲು ಅಕೌಂಟಿಗೆ ಬೇಕಾದ ಹಕ್ಕು ಅದು. ಗ್ರೂಪ್ ಪಾಲಿಸಿಯ ಪಟ್ಟಿ ಲೋಕಲ್ ಪಟ್ಟಿಗೆ ಸೇರಿಕೊಳ್ಳುವುದಿಲ್ಲ, ಅದನ್ನು ಅಳಿಸಿ ತಾನೇ ಕೂರುತ್ತದೆ. ನಿಮ್ಮ ಬ್ಯಾಕಪ್ ಅಕೌಂಟ್ ಹೀಗೇ ಬಿದ್ದುಹೋಗಿರಬೇಕು. ಅದನ್ನು ಅಲ್ಲೇ ಸೇರಿಸಿ. 'ಆಲ್ ಸರ್ವಿಸಸ್' (NT SERVICE\ALL SERVICES, ವಿಂಡೋಸ್‌ನ ಸರ್ವಿಸ್‌ಗಳ ಗುಂಪು) ಅನ್ನುವ ಹೆಸರು ಅಲ್ಲಿದೆಯಾ ನೋಡಿ, ಇಲ್ಲದಿದ್ದರೆ ಅದನ್ನೂ ಸೇರಿಸಿ.

ಒಂದು ಮಾತು ಜೋರಾಗಿ ಹೇಳುತ್ತೇನೆ: ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ಮೇಲೆ ಡೆಫ್ಲ್ಟ್‌ಬೇಸ್ ಟೆಂಪ್ಲೇಟ್ ಹಾಕಬೇಡಿ. ಅಲ್ಲಿನ ಎರಡು ಡಿಫಾಲ್ಟ್ ಪಾಲಿಸಿಗಳನ್ನು ಮೊದಲಿನಂತೆ ಮಾಡಲು ಡಿಸಿಜಿಪಿಒಫಿಕ್ಸ್ (dcgpofix) ಕಮಾಂಡ್ ಇದೆ. ಆದರೆ ಅವುಗಳಲ್ಲಿ ನೀವು ಮಾಡಿಕೊಂಡ ಬದಲಾವಣೆಯೆಲ್ಲ ಹೋಗುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ.

ಪ್ರಶ್ನೆ: ಸರ್, ಆಯಿತು! ಪಾಲಿಸಿಯಲ್ಲಿ ಡಿನೈ ತೆಗೆದೆ, ಬ್ಯಾಕಪ್ ಅಕೌಂಟ್ ಸೇರಿಸಿದೆ, ಪಾಲಿಸಿ ಕೂಡಲೇ ಜಾರಿಯಾಗಲಿ ಅಂತ ಜಿಪಿಅಪ್‌ಡೇಟ್ (gpupdate) ಕಮಾಂಡ್ ಕೊಟ್ಟೆ. ಲಾಗಿನ್ ಆಗುತ್ತಿದೆ. ಸರ್ವಿಸ್ ಸ್ಟಾರ್ಟ್ ಆಗಿ 'ರನ್ನಿಂಗ್' ಅಂತ ತೋರಿಸುತ್ತಿದೆ. ತುಂಬಾ ಥ್ಯಾಂಕ್ಸ್.

ಉತ್ತರ: ಸಂತೋಷ. ನಾಳೆ ಬೆಳಿಗ್ಗೆ ಬ್ಯಾಕಪ್ ಫೈಲಿನ ತಾರೀಖು ನೋಡಿ, ಒಂದು ಫೈಲ್ ರಿಸ್ಟೋರ್ ಮಾಡಿಯೂ ನೋಡಿ. ಇಷ್ಟು ದಿನ ಬ್ಯಾಕಪ್ ಇಲ್ಲದೆ ಓಡಿದೆ ಆ ಸರ್ವರ್.